ಫ್ರೀಜರಿನಲ್ಲಿ ಪೂಣಚ್ಚ

ಸಿಕಂದರಾಬಾದಿನ ಮಗ್ಗುಲ ಮಲ್ಕಾಜ್‌ಗಿರಿಯ ಗುರುಬಸವನಿಗೆ ಹಾಕಿ ಆಟದ ಮೇಲೆ ಪ್ರೀತಿ ಹುಟ್ಟಿದ್ದು ಒಂದು ಗೋಡೆ ಗಡಿಯಾರದ ದೆಸೆಯಿಂದ. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಆತ ಹೆಡ್ ಕ್ಲಾರ್ಕು. ಅದೇ ಆಫೀಸಿನ ನಚಿಕೇತ ಕುಲಕರ್ಣಿ ಹೊಸ ಫ್ಲ್ಯಾಟು ಕೊಂಡು ಗೃಹಪ್ರವೇಶಕ್ಕೆ ಕರೆದಾಗ, ಗುರುಬಸವ ಹೆಂಡತಿ ಸುಮತಿಯ ಜೊತೆ ಗಡಿಯಾರ ಹೊತ್ತುಕೊಂಡು ಹೋದ. ನಚಿಕೇತ ಅದರ ಕಾಗದವನ್ನೂ ಬಿಚ್ಚದೆ ಮಂಚದ ಕೆಳಗೆ ತಳ್ಳಿದ. ತಳ್ಳಿ ಕೈ ಝಾಡಿಸಿಕೊಂಡು, ಬಂದವರನ್ನೆಲ್ಲ ನಡುಮನೆಯ ಗೋಡೆಯ ಮುಂದೆ ತಂದು ನಿಲ್ಲಿಸಿದ. ಅಲ್ಲಿ ಗಾಜಿನ ಚೌಕಟ್ಟಿನೊಳಗೆ, ಮೇಲಿನಿಂದ ಪುಟ್ಟ ದೀಪದ ಬೆಳಕು ಬೀಳುವಂತೆ, ಹಸಿರು ಬಣ್ಣದ ಹಳೆಯ ಹಾಕಿ ಜೆರ್ಸಿಯೊಂದು ಕೈ ಚಾಚಿಕೊಂಡು ನಿಂತಿತ್ತು.

"ಇದು ಅಂಗಡ್ಯಾಗ ಸಿಗೋ ಜೆರ್ಸಿ ಅಲ್ರಿ. ಮ್ಯಾಚಿನ್ಯಾಗ ಹಾಕ್ಕೊಂಡು ಆಡಿದ್ದು. ಬೆವರಿನ ಕಲೆ ಸುದ್ದಾ ಹಂಗ ಅದ. ತೊಳಸೇ ಇಲ್ಲ ನಾನು," ಎಂದ ನಚಿಕೇತ.

ಜನ ಆಹಾ ಎಂದರು. ಫೋಟೋ ತೆಗೆದುಕೊಂಡರು. ಗುರುಬಸವ ತನ್ನ ಅಂಗಿಯನ್ನು ನೋಡಿಕೊಂಡ. ಇಡೀ ಸರ್ವೀಸಿನಲ್ಲಿ ಒಂದು ದಿನವೂ ಇಸ್ತ್ರಿಯಿಲ್ಲದೆ ಆಫೀಸಿಗೆ ಹೋದವನಲ್ಲ. ಒಬ್ಬನಾದರೂ ಕಣ್ಣೆತ್ತಿ ನೋಡಿದ್ದಿಲ್ಲ. ಇಲ್ಲಿ ಯಾರೋ ಬೆವತು ಬಿಸಾಕಿದ ಅಂಗಿಗೆ ಸಾಲು ಹಚ್ಚಿ ನಿಂತಿದ್ದಾರೆ! ಊಟದಲ್ಲಿ ಹೋಳಿಗೆ ಎರಡು ಸಲ ಬಂದರೂ ಅವನ ಎಲೆಯಲ್ಲೇ ಉಳಿಯಿತು. ಹಿಂದಿರುಗುವಾಗ ಆಟೋದಲ್ಲೇ ಘೋಷಿಸಿದ: "ನಾನೂ ಸಂಗ್ರಹ ಮಾಡಾಂವ."

"ಏನು?"

"ಹಾಕಿ ಜೆರ್ಸಿ."

"ಹಾಕ್ಯಾಗ ಎಷ್ಟು ಮಂದಿ ಆಡ್ತಾರ ಅಂತ ಗೊತ್ತದನ ನಿಮಗ?" ಎಂದಳು ಸುಮತಿ.

ಗುರುಬಸವ ಆಟೋದವನಿಗೆ ದಾರಿ ಹೇಳುವುದರಲ್ಲಿ ಮಗ್ನನಾದ.

ಮುಂದಿನ ಭಾನುವಾರಗಳೆಲ್ಲ ಅಬಿಡ್ಸಿನ ಫುಟ್‌ಪಾತಿಗೆ ಅರ್ಪಿತವಾದವು. ಹಳೆಯ ಪುಸ್ತಕದ ರಾಶಿಗಳ ಆಚೆ ಹಳೆಯ ಬಟ್ಟೆಯ ರಾಶಿಗಳಿರುತ್ತವೆ. ಪುಸ್ತಕಪ್ರಿಯರು ಯಾರೂ ಅತ್ತ ಹೋಗುವುದಿಲ್ಲ. ಗುರುಬಸವ ಹೋದ. ಕೋಟುಗಳ, ಮಂಕಿಕ್ಯಾಪುಗಳ, ಯಾರದೋ ಮದುವೆಯ ಶೇರವಾನಿಗಳ ಕೆಳಗಿನಿಂದ ಕಡೆಗೊಂದು ನೀಲಿ ಅಂಗಿಯನ್ನು ಎಳೆದ. ದಪ್ಪ ಹತ್ತಿಯದು. ಬೆನ್ನ ಮೇಲೆ ಬಿಳಿ ಬಟ್ಟೆಯಲ್ಲಿ ಹೊಲಿದ ಹದಿನಾಲ್ಕನೇ ನಂಬರು. ಎದೆಯ ಮೇಲೆ ಅಂಗೈಯಗಲದ ಕೆಂಗಂದು ಕಲೆ.

"ಖೇಲಾ ಹುವಾ ಹೈ ಕ್ಯಾ?" ಎಂದು ಕೇಳಿದ.

ಮಾರುವವನು ಗಿರಾಕಿಯ ಮುಖ ನೋಡಿದ. ಅವನ ಕಸುಬೇ ಅದು. "ಖೇಲಾ ಹುವಾ ನಕ್ಕೋ ಬೋಲೋ ಸಾಬ್, ಲಡಾ ಹುವಾ ಬೋಲೋ!" ಎಂದ.

ಆಡಿದ್ದಲ್ಲ, ಕಾದಾಡಿದ್ದು ಎಂಬ ಆ ಮಾತಿಗೆ ಗುರುಬಸವ ಚೌಕಾಶಿಯನ್ನೇ ಮರೆತ.

ಮನೆಯಲ್ಲಿ ಪರೀಕ್ಷೆ ಆರಂಭವಾಯಿತು. ಡೈನಿಂಗ್ ಟೇಬಲ್ಲಿನ ಮೇಲೆ ಬಿಳಿ ಪಂಚೆ ಹಾಸಿ ಅಂಗಿಯನ್ನು ಮಲಗಿಸಲಾಯಿತು. ಪಂಚಾಂಗ ನೋಡುವ ಭೂತಗನ್ನಡಿ ಹಿಡಿದು ಗುರುಬಸವ ಅದರ ಮೇಲೆ ಬಾಗಿದ ರೀತಿ ನೋಡಿದರೆ ದೊಡ್ಡಾಸ್ಪತ್ರೆಯ ಸರ್ಜನ್ನರೂ ಪಕ್ಕಕ್ಕೆ ಸರಿಯಬೇಕು. ಎಡ ಮೊಣಕೈ ಸವೆದಿದೆ, ಅಂದರೆ ಬಿದ್ದಿದ್ದಾನೆ. ಭುಜದ ಹೊಲಿಗೆ ಬಿಟ್ಟಿದೆ, ಅಂದರೆ ಎಳೆದಿದ್ದಾರೆ. ಕಂಕುಳಲ್ಲಿ ಬಿಳಿ ಗೆರೆ, ಅಂದರೆ ಬೆವತಿದ್ದಾನೆ. ಎದೆಯ ಮೇಲೆ ಕೆಂಪು, ಅಂದರೆ... ಗುರುಬಸವ ಭೂತಗನ್ನಡಿಯನ್ನು ಇನ್ನೂ ಹತ್ತಿರ ಒಯ್ದ.

"ಸುಮತಿ, ರಕ್ತ!"

"ಎಲ್ಲಿ? ಏನ್ ಕುಯ್ಕೊಂಡ್ರಿ?" ಎಂದು ಆಕೆ ಅರಿಶಿನದ ಡಬ್ಬಿ ಹಿಡಿದು ಓಡಿಬಂದಳು. ಬಂದು, ಕಲೆ ನೋಡಿ, ಮೂಸಿ, "ಯಾರೋ ಪಾನ್ ತಿಂದು ಉಗುಳ್ಯಾರ. ಕೊಡ್ರಿ ಇಲ್ಲೆ, ನೆನಿ ಹಾಕ್ತೀನಿ," ಎಂದಳು. ಮದುವೆಯಾದಂದಿನಿಂದ ಗುರುಬಸವ ಹೆಂಡತಿಯ ಮೇಲೆ ದನಿ ಏರಿಸಿದ್ದು ಅದೇ ಮೊದಲು. "ತೊಳದಿ ಅಂದ್ರ ನೋಡು ಮತ್ತ! ಇತಿಹಾಸ ಐತಿ ಇದು!"

ಕಾಲರಿನ ಒಳಗೆ ಧೋಬಿಗಳು ಗುರುತು ಹಾಕುವ ಶಾಯಿಯಲ್ಲಿ ಇಂಗ್ಲಿಷಿನ ಪಿ, ಓ, ಓ, ಎನ್ ಎಂಬ ನಾಲ್ಕು ಅಕ್ಷರಗಳು ಉಳಿದಿದ್ದವು. ಮುಂದಿನವು ಅಳಿಸಿಹೋಗಿದ್ದವು. ಸುದ್ದಿ ತಿಳಿದ ನಚಿಕೇತ, "ಪೂನಾ ಅಂತ ಇರಬೇಕು. ಪೂನಾದ ಯಾವನೋ ದರ್ಜಿ ಹೊಲದದ್ದು," ಎಂದು ನಕ್ಕ. ಆ ನಗು ಗುರುಬಸವನನ್ನು ರೈಲ್ವೆ ಇನ್‌ಸ್ಟಿಟ್ಯೂಟಿನ ಲೈಬ್ರರಿಗೆ ಅಟ್ಟಿತು. ಧೂಳು ಕುಡಿದು, ಸೀನಿ, ಹಳೆಯ ಕ್ರೀಡಾ ಪತ್ರಿಕೆಗಳನ್ನು ತಿರುವಿ, ಕಡೆಗೆ ನವರತ್ನ ಷೀಲ್ಡ್ ಫೈನಲ್ಲಿನ ವರದಿಯೊಂದನ್ನು ಹಿಡಿದ. ಸಿಕಂದರಾಬಾದಿನ ತಂಡದ ಪಟ್ಟಿಯಲ್ಲಿ ಪೂಣಚ್ಚ ಎಂಬ ಹೆಸರಿತ್ತು. ಕಟ್ಟಕಡೆಗಿತ್ತು. ಕಟ್ಟಕಡೆಗೆ ಯಾಕಿತ್ತು ಎಂದು ಯೋಚಿಸುವಷ್ಟು ಪುರುಸೊತ್ತು ಗುರುಬಸವನಿಗೆ ಇರಲಿಲ್ಲ.

ಅಲ್ಲಿಂದ ಆತ ಪಾರ್ಸೆಲ್ ಆಫೀಸಿನಲ್ಲಿ ಆ ಫೈನಲ್ಲನ್ನು ಕಣ್ಣಾರೆ ಕಂಡವನಂತೆ ವರ್ಣಿಸತೊಡಗಿದ. ಹಳೆಯ ಬಟ್ಟೆಗೆ ನುಸಿ ಹತ್ತದಿರಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಬೇಕು ಎಂದು ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದರು. ಹಸಿ ಬಟಾಣಿಯ ಪೊಟ್ಟಣಗಳನ್ನು ಒತ್ತರಿಸಿ ಅಂಗಿಗೆ ಜಾಗ ಮಾಡಲಾಯಿತು. ಹೆಂಡತಿ ಕಣ್ಣು ತಪ್ಪಿಸಿ ತೊಳೆದುಬಿಟ್ಟಾಳೆಂಬ ಭಯದಿಂದ ಗುರುಬಸವ ಮೇಲೊಂದು ಚೀಟಿ ಅಂಟಿಸಿದ: 'ಪೂಣಚ್ಚನ ರಕ್ತ. ಯಾರೂ ಮುಟ್ಟಬಾರದು.'

ಕೆಳಗಿನ ಮನೆಯಲ್ಲಿ ಅಂಬುಬಾಯಿ ಎಂಬ ಹಿರಿಯ ಹೆಂಗಸು ಇದ್ದರು. ಕಡುಮಡಿ. ಹೊರಗಿನ ನೀರು ಕುಡಿಯದವರು, ಹೊರಗಿನ ಸುದ್ದಿಗೆ ಮಾತ್ರ ಅಂಥ ಮಡಿ ಇರಲಿಲ್ಲ. ಆ ದಿನ ಮೊಣಕಾಲು ಉಳುಕಿ, ಒತ್ತಲು ಬರ್ಫದ ಗಡ್ಡೆ ಕೇಳಲು ಮೆಟ್ಟಿಲು ಹತ್ತಿ ಬಂದರು. ಸುಮತಿ ಕುಕ್ಕರಿನ ಮುಂದಿದ್ದಳು. "ಫ್ರಿಜ್ಜಿನ್ಯಾಗ ಐತಿ, ತೊಗೋರಿ ಬಾಯಾರ," ಎಂದಳು. ಅಂಬುಬಾಯಿ ಫ್ರೀಜರಿನ ಬಾಗಿಲು ತೆರೆದರು. ಚೀಟಿ ಓದಿದರು. ಪ್ಲಾಸ್ಟಿಕ್ಕಿನೊಳಗಿನ ಕಲೆ ನೋಡಿದರು. ಅದೇ ಹೊತ್ತಿಗೆ ಒಳಕೋಣೆಯಿಂದ ಗುರುಬಸವ ಫೋನಿನಲ್ಲಿ ನಚಿಕೇತನ ಜೊತೆ ಹಾರಾಡುತ್ತಿದ್ದುದು ಕೇಳಿಸಿತು.

"ಕೋಲ್ ತೊಗೊಂಡು ಹೊಡದಾರೋ ಮಾರಾಯಾ, ಎದಿಗೇ ಹೊಡದಾರ! ರಕ್ತ ಸುರದೈತಿ! ಸುಮತಿ ತೊಳೀತೀನಿ ಅಂತಾಳ. ತೊಳದ್ರ ಸಾಕ್ಷಿ ಎಲ್ಲಿ ಉಳೀತೈತಿ? ಅದಕ್ಕ ಫ್ರೀಜರಿನ್ಯಾಗ ಇಟ್ಟೀನಿ. ಪೂಣಚ್ಚಂದು ಮುಗೀತು, ಇನ್ನೊಂದು ಸಿಕ್ರ ಅದನ್ನೂ ತರ್ತೀನಿ!"

ಉಳುಕಿದ ಮೊಣಕಾಲು ಆ ಕ್ಷಣಕ್ಕೇ ವಾಸಿಯಾಯಿತು. ಅಂಬುಬಾಯಿ ಮೆಟ್ಟಿಲು ಇಳಿದ ವೇಗ ಕಂಡು ವಾಚ್‌ಮನ್ನನೂ ಎದ್ದು ನಿಂತ. ಮನೆ ಸೇರಿ, ಮೊದಲು ಮೈಮೇಲೆ ನೀರು ಹಾಕಿಕೊಂಡು, ಆಮೇಲೆ ನೂರಕ್ಕೆ ಫೋನು ಮಾಡಿದರು. ಮೈಲಿಗೆಯಲ್ಲಿ ಪೊಲೀಸರನ್ನು ಕರೆಯುವುದು ಅವರ ಪದ್ಧತಿಯಲ್ಲಿರಲಿಲ್ಲ.

ಜೀಪು ಬಂತು. ಇಡೀ ಅಪಾರ್ಟ್‌ಮೆಂಟು ಬಾಲ್ಕನಿಗಳಲ್ಲಿ ಬಂದು ನಿಂತಿತು. "ಏಮೈಂದಂಡಿ?" ಎಂದು ಮೂರನೇ ಮಹಡಿಯವರು ಕೇಳಿದರೆ, "ಮರ್ಡರ್ ಅಂಟಾ!" ಎಂದು ಎರಡನೆಯವರು ಹೇಳಿದರು. ಗುರುಬಸವ ಜೀಪು ಹತ್ತುವಷ್ಟರಲ್ಲಿ ಒಂದು ಮರ್ಡರು ಮೂರಾಗಿತ್ತು. ಅವನ ಲಕ್ಷ್ಯ ಮಾತ್ರ ಅಂಗಿ ಹಿಡಿದ ಕಾನ್‌ಸ್ಟೇಬಲ್ಲಿನ ಮೇಲಿತ್ತು. "ಮಡಚಬ್ಯಾಡ್ರಿ, ಮಡಚಬ್ಯಾಡ್ರಿ! ಬಟ್ಟಿ ನಾರು ಮುರೀತೈತಿ!" ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ಠಾಣೆಯ ಎಸ್ಸೈ ನಾರಾಯಣಪೇಟೆಯ ಕಡೆಯವರು. ಕನ್ನಡ ಚೆನ್ನಾಗಿ ಬರುತ್ತಿತ್ತು. ಅದರಿಂದ ಗುರುಬಸವನಿಗೆ ಆದ ಉಪಕಾರವೇನೂ ಇಲ್ಲ.

"ಪೂಣಚ್ಚ ಯಾರು?"

"ಭಾಳ ದೊಡ್ಡ ಆಟಗಾರ್ರಿ."

"ಏನಾಟ? ಇಸ್ಪೀಟಾ?"

"ಹಾಕಿ ರಿ."

"ಹೊಡದವರು ಯಾರು?"

"ಎದುರಿನ ಟೀಮಿನವ್ರು."

"ಎಷ್ಟು ಮಂದಿ ಇದ್ರು?"

"ಹನ್ನೊಂದು ಮಂದಿ ರಿ. ಎಲ್ಲಾರ ಕೈಯಾಗೂ ಕೋಲಿತ್ತು."

ಬರೆದುಕೊಳ್ಳುತ್ತಿದ್ದ ರೈಟರು ಪೆನ್ನೆತ್ತಿ ಎಸ್ಸೈ ಮುಖ ನೋಡಿದ. ಇಷ್ಟು ದೊಡ್ಡ ಕೇಸು ಆ ಠಾಣೆಗೆ ಎಂದೂ ಬಂದಿರಲಿಲ್ಲ.

"ಕಣ್ಣಾರೆ ಕಂಡವರು ಯಾರರ ಇದಾರೇನು?"

"ಸ್ಟೇಡಿಯಂ ತುಂಬ ಮಂದಿ ಇದ್ರು ರಿ. ಚಪ್ಪಾಳಿ ಹೊಡದ್ರಂತ."

"ಚಪ್ಪಾಳಿ!" ಎಸ್ಸೈ ಕುರ್ಚಿಯಿಂದ ಅರ್ಧ ಎದ್ದರು. "ಎಂದಾತು ಇದು?"

"ನಾ ಆವಾಗ ಪ್ರೈಮರಿ ಸಾಲ್ಯಾಗಿದ್ನಿ ರಿ."

ಎಸ್ಸೈ ಮತ್ತೆ ಕೂತರು. ನೀರು ಕುಡಿದರು. ಅಂಗಿಯನ್ನು ತಿರುಗಿಸಿ ಹದಿನಾಲ್ಕನೇ ನಂಬರು ನೋಡಿದರು. ಇಂಥ ಮನುಷ್ಯನನ್ನು ಹೊರಗೆ ಕಳಿಸಿದರೆ ಸಾಕೆಂಬ ಭಾವ ಅವರ ಮುಖದ ಮೇಲೆ ಮೆಲ್ಲಗೆ ಮೂಡಿತು. ಅಷ್ಟರಲ್ಲಿ ಸುಮತಿ ಬಂದಳು. ಫೋನಿನ ಆ ತುದಿಯಲ್ಲಿದ್ದ ತಪ್ಪಿಗೆ ನಚಿಕೇತನನ್ನೂ ಕರೆಸಿದ್ದರು. ದೂರು ಕೊಟ್ಟವರೆಂದು ಅಂಬುಬಾಯಿಯೂ ಬಂದು, ಠಾಣೆಯ ಬೆಂಚಿನ ಮೇಲೆ ಮನೆಯಿಂದ ತಂದ ಚಾಪೆ ಹಾಸಿಕೊಂಡು ಕೂತರು.

"ಸಾಹೇಬ್ರ, ಇದು ರಕ್ತಾನೇ ಅಲ್ಲ. ಹಾಕಿ ಬಗ್ಗೆ ತಿಳದಾಂವ ನಾನು ಹೇಳ್ತೀನಿ, ಇದು ಪಾನ್ ಕಲೆ," ಎಂದ ನಚಿಕೇತ.

"ಮುಗೀತಲ್ಲ!" ಎಸ್ಸೈ ಅಂಗಿಯನ್ನು ಗುರುಬಸವನ ಕಡೆಗೆ ಸರಿಸಿದರು. "ರಕ್ತ ಅಲ್ಲ ಅಂತ ಬರದು ಸಹಿ ಮಾಡ್ರಿ, ಮನಿಗೆ ಹೋಗ್ರಿ."

ಬುದ್ಧಿಯಿದ್ದವರು ಯಾರಾದರೂ ಪೆನ್ನು ಕಸಿದುಕೊಂಡು ಸಹಿ ಹಾಕುತ್ತಿದ್ದರು. ಗುರುಬಸವ ನಚಿಕೇತನ ಮುಖ ನೋಡಿದ. ಗಡಿಯಾರವನ್ನು ಮಂಚದ ಕೆಳಗೆ ತಳ್ಳಿದ ಮುಖ ಅದು.

"ರಕ್ತಾನೇ ರಿ!" ಎಂದ.

"ಅಯ್ಯ, ನಿಮ್ಮನ್ನ ಬಿಡಿಸ್ಲಿಕ್ಕೆ ಬಂದಾನ್ರೀ ಅಂವ!" ಎಂದರು ಎಸ್ಸೈ.

"ಬಿಡಿಸಾಕ ಬಂದಿಲ್ರಿ, ನನ್ನ ಜೆರ್ಸಿ ಮರ್ಯಾದಿ ತಗ್ಯಾಕ ಬಂದಾನ. ಅವನ ಗ್ವಾಡಿ ಮ್ಯಾಲಿಂದು ಬರೇ ಬೆವರು. ನಂದು ರಕ್ತ. ಅದಕ್ಕ ಹೊಟ್ಟಿಕಿಚ್ಚು."

"ರೀ," ಸುಮತಿಯ ದನಿ ಅಳುವ ಹಂತಕ್ಕೆ ಬಂದಿತ್ತು, "ಪಾನ್ ಅನ್ರಿ. ಒಂದ್ ಸರ್ತಿ ಪಾನ್ ಅಂದ್ರ ನಿಮ್ಮ ಗಂಟೇನು ಹೋಗ್ತೈತಿ?"

"ಜೈಲಿಗೆ ಹಾಕ್ಲಿ. ಪಾನ್ ಅನ್ನಂಗಿಲ್ಲ."

ದೇಶಕ್ಕಾಗಿ, ಧರ್ಮಕ್ಕಾಗಿ ಜೈಲು ಕಂಡವರಿದ್ದಾರೆ. ಕಲೆಯೊಂದರ ಮಾನಕ್ಕಾಗಿ ಲಾಕಪ್ಪಿನ ಕಡೆಗೆ ತಾನೇ ಹೆಜ್ಜೆ ಹಾಕಿದ ಮೊದಲಿಗ ಬಹುಶಃ ನಮ್ಮ ಗುರುಬಸವನೇ. ಎಸ್ಸೈ ತಲೆ ಹಿಡಿದುಕೊಂಡರು. ರಕ್ತವೆಂದು ಆರೋಪಿಯೇ ಹೇಳಿದ ಮೇಲೆ ರಕ್ತದ ಒಡೆಯನನ್ನು ಹುಡುಕಲೇಬೇಕು. ರೈಲ್ವೆಯ ಹಳೆಯ ಆಟಗಾರರ ಸಂಘಕ್ಕೆ ಫೋನು ಹೋಯಿತು. ಅಲ್ಲಿಂದ ಬಂದ ಉತ್ತರ ಕೇಳಿ ಎಸ್ಸೈ ಮುಖ ಅರಳಿತು. ಪೂಣಚ್ಚ ಸತ್ತಿರಲಿಲ್ಲ. ತಿರುಮಲಗಿರಿಯಲ್ಲಿ ಪೆನ್ಶನ್ ತೆಗೆದುಕೊಂಡು ಗುಲಾಬಿ ಗಿಡ ಬೆಳೆಸಿಕೊಂಡಿದ್ದ.

ಸಂಜೆಯ ಹೊತ್ತಿಗೆ ಹಳೆಯ ಸ್ಕೂಟರಿನಲ್ಲಿ ಪೂಣಚ್ಚ ಬಂದರು. ಎಪ್ಪತ್ತು ದಾಟಿದ, ನೇರ ಬೆನ್ನಿನ, ಬಿಳಿ ಮೀಸೆಯ ಕೊಡಗಿನ ಮನುಷ್ಯ. ಅವರನ್ನು ಕಂಡು ಕಾನ್‌ಸ್ಟೇಬಲ್ಲುಗಳು ಯಾಕೆಂದು ಗೊತ್ತಿಲ್ಲದೆಯೇ ಸಲ್ಯೂಟ್ ಹೊಡೆದರು.

"ಈ ಅಂಗಿ ನಿಮ್ಮದಾ ಸರ್?" ಎಂದರು ಎಸ್ಸೈ.

ಪೂಣಚ್ಚ ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕಾಲರನ್ನು ಮಗುಚಿ ಶಾಯಿ ನೋಡಿದರು. "ನನ್ನದೇ. ನವರತ್ನ ಷೀಲ್ಡ್. ಎಲ್ಲಿ ಸಿಕ್ತು ಇದು?"

"ಈ ಕಲೆ ನಿಮ್ಮ ರಕ್ತಾನಾ?"

ಪೂಣಚ್ಚ ತಲೆಯೆತ್ತಿದರು. ಎಸ್ಸೈ, ರೈಟರು, ಕಾನ್‌ಸ್ಟೇಬಲ್ಲುಗಳು, ಸೆರಗು ಬಾಯಿಗಿಟ್ಟ ಸುಮತಿ, ಚಾಪೆಯ ಮೇಲಿನ ಅಂಬುಬಾಯಿ, ಎಲ್ಲರೂ ಉಸಿರು ಹಿಡಿದು ತನ್ನ ಬಾಯನ್ನೇ ನೋಡುತ್ತಿದ್ದಾರೆ. ಲಾಕಪ್ಪಿನ ಬಾಗಿಲ ಹತ್ತಿರ ಒಬ್ಬ ಹೆಡ್ ಕ್ಲಾರ್ಕು ಕೈ ಮುಗಿದು ನಿಂತಿದ್ದಾನೆ. ಜೀವಮಾನದಲ್ಲಿ ಪೂಣಚ್ಚನವರಿಗೆ ಇಂಥ ಪ್ರೇಕ್ಷಕರು ಸಿಕ್ಕಿರಲಿಲ್ಲ.

"ನನ್ನ ರಕ್ತವೇ," ಎಂದರು.

ಆಮೇಲೆ ಮ್ಯಾಚು ಶುರುವಾಯಿತು. ಎದುರಾಳಿ ಬ್ಯಾಕ್ ಆಟಗಾರನ ಕೋಲು ಎದೆಗೆ ಬಡಿದದ್ದು, ಡಾಕ್ಟರು ಬೇಡ ಬೇಡ ಅಂದರೂ ಇವರು ಎದ್ದು ಓಡಿದ್ದು, ಮೂವರನ್ನು ದಾಟಿ ಗೋಲು ಹೊಡೆದದ್ದು. ರೈಟರು ಎಫ್ಐಆರಿನ ಕಾಗದದ ಮೇಲೆ ಮೈದಾನದ ನಕ್ಷೆ ಬರೆದುಕೊಂಡ. ಟೀ ಎರಡು ಸಲ ಬಂತು. ಎಸ್ಸೈ ಗುರುಬಸವನ ಕೈ ಕುಲುಕಿ, "ನೀವಿಲ್ಲ ಅಂದ್ರ ಇಂಥಾ ಮನುಷ್ಯ ನಮ್ಮ ಊರಾಗ ಇದಾರ ಅಂತ ಗೊತ್ತಾಗ್ತಿದ್ದಿಲ್ರಿ!" ಎಂದರು. ಸ್ಟೇಷನ್ನಿನ ಮುಂದೆ ಎಲ್ಲರೂ ಸೆಲ್ಫಿ ತೆಗೆದುಕೊಂಡರು. ನಚಿಕೇತನೂ ತೆಗೆದುಕೊಂಡ, ಒಂದು ಮೂಲೆಯಿಂದ. ಅಂಬುಬಾಯಿ, "ನನಗ ಮೊದಲೇ ಗೊತ್ತಿತ್ತು, ರಕ್ತಾನೇ ಅಂತ," ಎಂದು ಚಾಪೆ ಸುತ್ತಿದರು.

ಗುರುಬಸವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸುಮತಿಯನ್ನು ಆಟೋ ಹತ್ತಿಸಿ, ಪೂಣಚ್ಚನವರನ್ನು ಪಕ್ಕದ ಇರಾನಿ ಹೋಟೆಲಿಗೆ ಕರೆದೊಯ್ದ. ಉಸ್ಮಾನಿಯಾ ಬಿಸ್ಕೀಟು ಚಹಾದಲ್ಲಿ ಅದ್ದುತ್ತ ಕೇಳಿದ: "ಸರ್, ಕೋಲು ಬಡದದ್ದು ಸೀದಾನೋ, ಓರೆಯಾಗೋ? ಕಲೆ ಎಡಕ್ಕ ಜಾಸ್ತಿ ಹರಡೇತಿ, ಅದಕ್ಕ ಕೇಳಿದೆ."

ಪೂಣಚ್ಚ ಕಪ್ಪು ಕೆಳಗಿಟ್ಟರು. "ನೋಡಿ ಗುರುಬಸವ, ನೀವು ಒಳ್ಳೆಯವರು. ನನಗಾಗಿ ಲಾಕಪ್ಪಿಗೆ ಹೋಗೋಕೆ ತಯಾರಿದ್ರಿ. ನಿಮ್ಮ ಹತ್ರ ಸುಳ್ಳು ಹೇಳ್ಬಾರ್ದು. ಅದು ಗೋಲಾ."

"ಹೊಡದ್ರಲ್ರಿ, ಹೇಳಿದ್ರಲ್ಲ, ಮೂರು ಮಂದಿನ್ನ ದಾಟಿ..."

"ಆ ಗೋಲಲ್ಲ. ಬರ್ಫದ ಗೋಲಾ. ಐಸು ಹೆರೆದು, ಕೆಂಪು ಶರಬತ್ತು ಹಾಕಿ ಕಡ್ಡಿಗೆ ಚುಚ್ಚಿ ಕೊಡ್ತಾರಲ್ಲ, ಅದು. ನಾನು ರಿಸರ್ವ್ ಆಗಿದ್ದೆ. ಈಗ ಕರೀತಾರೆ, ಆಗ ಕರೀತಾರೆ ಅಂತ ಶೂ ದಾರ ಬಿಗಿದು ಬಿಗಿದು ಕೂತಿದ್ದೆ. ಕೋಚ್ ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ಬಿಸಿಲು. ಸೆಕೆಂಡ್ ಹಾಫಲ್ಲಿ ಒಂದು ಗೋಲಾ ತಗೊಂಡೆ. ಅಷ್ಟರಲ್ಲಿ ಕೋಚ್ 'ಪೂಣಚ್ಚ!' ಅಂದ್ರು. ದಡಬಡಿಸಿ ಎದ್ದೆ, ಎಲ್ಲ ಎದೆ ಮೇಲೆ ಬಿತ್ತು."

"ಆಮ್ಯಾಲ ಆಡಿದ್ರಿ?"

"ನೀರಿನ ಬಾಟ್ಲಿ ಕೇಳಿದ್ರು," ಎಂದರು ಪೂಣಚ್ಚ.

ಗುರುಬಸವನ ಬಿಸ್ಕೀಟು ಮುರಿದು ಚಹಾದೊಳಗೆ ಮುಳುಗಿತು. ಶರಬತ್ತಿಗಾಗಿ ಜೀಪು ಹತ್ತಿದೆ. ಶರಬತ್ತಿಗಾಗಿ ಹೆಂಡತಿಯ ಮೇಲೆ ಕೂಗಿದೆ. ಅಷ್ಟೇ ಆಗಿದ್ದರೆ ಆತ ಎದ್ದು ಹೋಗಿಬಿಡುತ್ತಿದ್ದ. ಆದರೆ ಎದುರಿಗೆ ಕೂತ ಮುದುಕ, ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹದಿನಾಲ್ಕನೇ ನಂಬರನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

"ಭಾನುವಾರ ಆಡ್ರಿ," ಎಂದ ಗುರುಬಸವ.

"ಏನು?"

"ಇದನ್ನ ಹಾಕ್ಕೊಂಡು ಆಡ್ರಿ. ನಮ್ಮ ರೈಲ್ವೆ ಗ್ರೌಂಡಿನ್ಯಾಗ ಹುಡುಗರು ಆಡ್ತಾರ. ಮ್ಯಾಚ್ ಇಡಸ್ತೀನಿ. ಈ ಜೆರ್ಸಿ ಒಂದ್ ಸರ್ತಿ ಗ್ರೌಂಡ್ ಕಾಣ್ಲಿ."

ಸಂಗ್ರಹದ ವಸ್ತುವನ್ನು ಯಾರ ಮೈಗೂ ತೊಡಿಸಬಾರದೆಂಬುದು ಆ ಶಾಸ್ತ್ರದ ಮೊದಲ ನಿಯಮ. ಗುರುಬಸವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ. ಅವನ ಬಗ್ಗೆ ಇಷ್ಟು ಹೊತ್ತು ನಕ್ಕ ನಾವು ಇದೊಂದನ್ನು ಅವನ ಲೆಕ್ಕಕ್ಕೆ ಹಾಕಲೇಬೇಕು.

ಭಾನುವಾರ ಮಲ್ಕಾಜ್‌ಗಿರಿ ನೆರೆಯಿತು. ರಕ್ತ ಸುರಿಸಿ ಗೋಲು ಹೊಡೆದ ವೀರನ ಆಟ ನೋಡಲು ಪೊಲೀಸರು ಬಂದರು, ಪಾರ್ಸೆಲ್ ಆಫೀಸು ಬಂತು, ಬಾಲ್ಕನಿಗಳೆಲ್ಲ ಇಳಿದು ಬಂದವು. ಅಂಬುಬಾಯಿ ಛತ್ರಿ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ಹುಡುಗರ ಎದುರು ಆಡಲಿದ್ದ ಹಿರಿಯರ ತಂಡಕ್ಕೆ ಒಬ್ಬ ಕಡಿಮೆ ಬಿದ್ದ. ಇಷ್ಟು ದೊಡ್ಡ ಹಾಕಿ ಪಂಡಿತರು ಇರುವಾಗ ಹೊರಗಿನವರೇಕೆ ಎಂದು ಎಸ್ಸೈ ಹೇಳಿ, ಗುರುಬಸವನ ಕಾಲಿಗೆ ಪ್ಯಾಡು ಕಟ್ಟಿ ಗೋಲಿನ ಬಾಯಿಗೆ ನಿಲ್ಲಿಸಿದರು. ಹೆಲ್ಮೆಟ್ಟು ಅವನ ತಲೆಗೆ ಹಿಡಿಸಲಿಲ್ಲ. ಕೋಲನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಪೂಣಚ್ಚ ಕಿವಿಯಲ್ಲಿ ಹೇಳಿಕೊಟ್ಟರು.

ನೀಲಿ ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಆದರೂ ಪೂಣಚ್ಚ ಓಡಿದರು. ಚೆಂಡು ಅವರ ಕೋಲಿಗೆ ಅಂಟಿಕೊಂಡಂತೆ ಬಂದಾಗ ಹುಡುಗರೇ ಆಟ ನಿಲ್ಲಿಸಿ ನೋಡಿದರು. ಎಲ್ಲರೂ ನೋಡುವುದರಲ್ಲೇ ಇದ್ದಾಗ ಎದುರಿನ ಹುಡುಗನೊಬ್ಬ ಚೆಂಡು ಕಸಿದು ಗೋಲಿನ ಕಡೆ ಧಾವಿಸಿದ. ತಡೆಯಲು ಪೂಣಚ್ಚ ಹಿಂದಕ್ಕೆ ಓಡಿಬಂದು ಬೀಸಿದರು. ಚೆಂಡು ಪಕ್ಕಕ್ಕೆ ಹೋಯಿತು. ಕೋಲು ಸೀದಾ ಹೋಗಿ, ಕಣ್ಣು ಮುಚ್ಚಿಕೊಂಡು ದೇವರ ಧ್ಯಾನದಲ್ಲಿದ್ದ ಗೋಲ್‌ಕೀಪರನ ಮೂಗನ್ನು ಸೇರಿತು.

ಗುರುಬಸವ ಮೂಗಿನಿಂದ ರಕ್ತ ಸುರಿಸುತ್ತ ಕೂತ. ಪೂಣಚ್ಚ ಕೋಲು ಬಿಸಾಕಿ, ಅವನನ್ನು ಎಬ್ಬಿಸಿ ಎದೆಗೊರಗಿಸಿಕೊಂಡರು. "ಗೋಲು ಆಯ್ತಾ?" ಎಂದು ಗುರುಬಸವ ಮೂಗಿನಿಂದ ಕೇಳಿದ. "ಇಲ್ಲ, ನಿಲ್ಲಿಸಿದ್ವಿ," ಎಂದರು ಪೂಣಚ್ಚ. ಅವರ ಕಣ್ಣು ತುಂಬಿತ್ತು. ಜನ ಚಪ್ಪಾಳೆ ಹೊಡೆದರು. ಸುಮತಿ ಅರಿಶಿನ ಹಿಡಿದು ಮೈದಾನದೊಳಗೆ ಓಡಿಬಂದಳು. ಈ ಸಲ ಅದರ ಕೆಲಸವಿತ್ತು.

ಆಟ ಮುಗಿದ ಮೇಲೆ ಅಂಗಿಯನ್ನು ಮೇಜಿನ ಮೇಲೆ ಹರಡಿದರು. ಹಳೆಯ ಕಲೆಯ ಪಕ್ಕದಲ್ಲೇ ಅಷ್ಟೇ ಅಗಲದ ಹೊಸ ಕಲೆ, ಇನ್ನೂ ಹಸಿ. ಗುರುಬಸವ ಮೂಗಿನ ಎರಡೂ ಹೊಳ್ಳೆಗಳಲ್ಲಿ ಹತ್ತಿ ತುರುಕಿಕೊಂಡು ಕುರ್ಚಿಯಲ್ಲಿ ಒರಗಿದ್ದ. ಡಾಕ್ಟರು ಮಾತಾಡಬೇಡಿ ಎಂದಿದ್ದರು. ಜನರನ್ನು ಸರಿಸಿಕೊಂಡು ನಚಿಕೇತ ಮುಂದೆ ಬಂದ. ಜೇಬಿನಿಂದ ಲೆನ್ಸು ತೆಗೆದ. ಬಾಗಿದ. ಎಡಗಡೆ ನೋಡಿದ, ಬಲಗಡೆ ನೋಡಿದ, ಬೆರಳಲ್ಲಿ ಮುಟ್ಟಿ ಮೂಸಿದ. ಎಲ್ಲರೂ ಕಾದರು.

"ಹಳೇದು ರಕ್ತಾನೇ. ಇದರಾಗ ಎರಡು ಮಾತಿಲ್ಲ, ಆಡಿದವರೇ ಹೇಳ್ಯಾರ," ಎಂದ ನಚಿಕೇತ ಗಂಭೀರವಾಗಿ. "ಆದ್ರ ಈ ಹೊಸಾದು ನಂಬೂ ಹಂಗಿಲ್ರಿ. ಭಾಳ ಕೆಂಪದ. ನನ್ನ ಕೇಳಿದ್ರ, ಯಾರೋ ಗೋಲಾ ಚೆಲ್ಲ್ಯಾರ."